ಗಿಲ್ಮೋರ್ ಸಾಹೇಬರ ಸೆರಗು

ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 2010ರಲ್ಲಿ, 64ರ ವಯಸ್ಸಿಗೆ, ‘ದಿ ಆರ್ಬ್’ ಎಂಬ ಎಲೆಕ್ಟ್ರಾನಿಕ್ ತಂಡದ ಜೊತೆ ಸೇರಿ ‘ಮೆಟಾಲಿಕ್ ಸ್ಫಿಯರ್ಸ್’ ಎಂಬ ಆಲ್ಬಮ್ ತಂದರು. ಅದನ್ನು ಅಳೆಯಲು ಇಳಕಲ್ ಸೀರೆಯೇ ಸರಿಯಾದ ಗಜಕಡ್ಡಿ ಎಂಬುದು ನನ್ನ ವಾದ. ಸಂಗೀತ ಬಲ್ಲವರು ನಗುತ್ತಾರೆ, ಸೀರೆ ಬಲ್ಲವರು ಇನ್ನೂ ಜೋರಾಗಿ ನಗುತ್ತಾರೆ. ಎರಡನ್ನೂ ಅರೆಬರೆ ಬಲ್ಲ ನನಗೆ ಮಾತ್ರ ಈ ಹೋಲಿಕೆ ಬಿಡಲು ಮನಸ್ಸಿಲ್ಲ. ಇಳಕಲ್ ಮಗ್ಗದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡನ್ನೂ ಹೊಲಿಯುವುದಿಲ್ಲ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ, ಜಾತ್ರೆಯಲ್ಲಿ ತಪ್ಪಿಸಿಕೊಳ್ಳದಿರಲೆಂದು ಮಕ್ಕಳು ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿದ ಹಾಗೆ, ಒಂದೊಂದಾಗಿ ಕೊಂಡಿ ಹಾಕುತ್ತಾರೆ. ರೇಷ್ಮೆ ಸಿಕ್ಕಿತೆಂದು ಹತ್ತಿ ಬೀಗುವುದಿಲ್ಲ. ಹತ್ತಿಯ ಮನೆಗೆ ಸೊಸೆಯಾಗಿ ಬಂದೆನೆಂದು ರೇಷ್ಮೆ ಮುಖ ಗಂಟಿಕ್ಕುವುದಿಲ್ಲ. ಅತ್ತೆ-ಸೊಸೆ ಇಬ್ಬರೂ ಒಂದೇ ಲಾಳಿಯ ಮಾತು ಕೇಳಿಕೊಂಡು ಬಾಳುತ್ತಾರೆ. ಆಲ್ಬಮ್ಮಿನಲ್ಲಿರುವುದೂ ಎರಡೇ ಟ್ರ್ಯಾಕು, ಮೊದಲನೆಯದೇ 28 ನಿಮಿಷ ದಾಟುತ್ತದೆ. ಒಡಲು ಆರ್ಬ್‌ನವರ ಯಂತ್ರದ್ದು, ಸೆರಗು ಗಿಲ್ಮೋರರ ಗಿಟಾರಿನದು. ಅವರ ಲ್ಯಾಪ್ ಸ್ಟೀಲ್ ಗಿಟಾರಿನ ಮೀಂಡ್ ಯಾವಾಗ ಬಂದೀತೆಂದು ಹುನಗುಂದದ ಬಸ್ಸಿಗೆ ಕಾದ ಹಾಗೆ ಕಾಯಬೇಕು. ಬಂದಾಗ ಮಾತ್ರ ಕಿಟಕಿ ಪಕ್ಕದ ಸೀಟು ಸಿಕ್ಕಷ್ಟು ಸಂತೋಷ.

ಮುದುಕ ಹುಡುಗರ ಬೆನ್ನು ಹತ್ತಿದ ಎಂಬುದು ಮೊದಲ ಆಕ್ಷೇಪ. ಯಾರು ಯಾರ ಬೆನ್ನು ಹತ್ತಿದರೋ ನೋಡಿ: ಆರ್ಬ್‌ನವರ 1991ರ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲಿರುವುದು ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ, 1977ರಲ್ಲೇ ಪಿಂಕ್ ಫ್ಲಾಯ್ಡ್ ‘ಅನಿಮಲ್ಸ್’ ಹೊದಿಕೆಯ ಮೇಲೆ ಮೆರೆಸಿದ್ದು ಅದನ್ನೇ. ಗಿಟಾರನ್ನು ಯಂತ್ರಕ್ಕೆ ಒಪ್ಪಿಸಿದ್ದೂ ಹೊಸದಲ್ಲ: ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್, ಸಂಗೀತಗಾರ ಬ್ರಯನ್ ಈನೋ ಜೊತೆಗೂಡಿ ಎರಡು ಟೇಪ್ ರೆಕಾರ್ಡರುಗಳ ನಡುವೆ ಗಿಟಾರಿನ ದನಿಯನ್ನು ಗಾಣದೆತ್ತಿನಂತೆ ಸುತ್ತಿಸಿ ತಂದ ಆಲ್ಬಮ್ 1973ರದು. ಹೊಲ ಹಿರಿಯರದೇ, ಹುಡುಗರು ಲಾವಣಿಗೆ ಹಿಡಿದವರು. ಯಂತ್ರಕ್ಕೆ ಜೀವವಿಲ್ಲ ಎಂಬುದು ಎರಡನೆಯ ಆಕ್ಷೇಪ. ಬಾದಾಮಿಯ ಬನಶಂಕರಿ ಜಾತ್ರೆಯ ನಾಟಕಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ಬೇಕೇ ಬೇಕು. ಆ ಪೇಟಿಯೇ ಪರದೇಶಿ. ಆಕಾಶವಾಣಿ 1940ರಲ್ಲಿ ಅದಕ್ಕೆ ಬಾಗಿಲು ಹಾಕಿ ಮೂರು ದಶಕ ತೆರೆಯಲಿಲ್ಲ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ಬೆಂಗಳೂರಿನಲ್ಲಿ ತೋರಿಸಿದ್ದು 1979ರಲ್ಲಿ. ಅಂಥದೇ ಪೆಟ್ಟಿಗೆಯ ಗುಂಡಿ ಒತ್ತಿ ರಿಯಾಜಿಗೆ ಕೂಡುವವರು ಯಂತ್ರಸಂಗೀತಕ್ಕೆ ಮೂಗು ಮುರಿದರೆ ಸಿಟ್ಟು ಬರುತ್ತದೆ.

ಹಾಗಂತ ಯಾವುದಕ್ಕೆ ಯಾವುದನ್ನಾದರೂ ಅಂಟಿಸಬಹುದೇ? ಇಲ್ಲ. ಕೊಂಡಿಯೇ ಇಲ್ಲದ ಅಗ್ಗದ ಸೀರೆ ಇಳಕಲ್ ಹೆಸರಿನಲ್ಲೇ ಬಾಗಲಕೋಟೆಯ ಅಂಗಡಿಗೂ ಬಂದು ಕೂತಿದೆ, ಕೈಮಗ್ಗಗಳ ಸದ್ದು ಅಡಗುತ್ತಿದೆ. ಇದು ನಗುವ ಮಾತಲ್ಲ. ಅಲ್ಲಿ ಕಳೆದುಹೋಗುತ್ತಿರುವುದು ಹತ್ತಿಯಲ್ಲ, ರೇಷ್ಮೆಯಲ್ಲ. ಎರಡನ್ನೂ ಕೂಡಿಸುವ ಬೆರಳಿನ ವಿದ್ಯೆ. ಗಿಲ್ಮೋರರ ಎರಡನೆಯ ಟ್ರ್ಯಾಕಿನಲ್ಲೂ ನನ್ನ ಕಿವಿಗೆ ಕೊಂಡಿ ಸಡಿಲ. ಆದ್ದರಿಂದ ತೀರ್ಪು: ಮೊದಲರ್ಧ ಅಪ್ಪಟ ಇಳಕಲ್, ಉಳಿದರ್ಧ ಬರೀ ಬಟ್ಟೆ. ಆಲ್ಬಮ್ ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಸೀರೆ ಕೊಳ್ಳುವಾಗ ಮಾತ್ರ ದಡಿಗೆ ಮರುಳಾಗದೆ ಸೆರಗು ಮಗುಚಿ ಕೊಂಡಿ ನೋಡಿ.