ದೊಡ್ಮನೆಯ ನಾಯಕಭೇದ: ಒಂದು ಮೀಮಾಂಸೆ

ಕಾವ್ಯದ ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಪಂಗಡ ಮಾಡಿ ‘ದಶರೂಪಕ’ದ ಧನಂಜಯ ಕೈತೊಳೆದುಕೊಂಡ. ಹತ್ತನೆಯ ಶತಮಾನದ ಆ ಪಂಡಿತನಿಗೆ ವೈಲ್ಡ್ ಕಾರ್ಡ್ ಎಂಟ್ರಿಯ ಸುಳಿವಿರಲಿಲ್ಲ. 2013ರಲ್ಲಿ ಕನ್ನಡಕ್ಕೆ ಬಂದ ‘ಬಿಗ್ ಬಾಸ್’ ಎಂಬ ದೃಶ್ಯಕಾವ್ಯ ಸೀಸನ್ನಿಗೊಂದು ನಾಯಕರತ್ನವನ್ನು ಹಡೆಯತೊಡಗಿದ ಮೇಲೆ ಶಾಸ್ತ್ರದ ಪರಿಷ್ಕರಣೆ ಅನಿವಾರ್ಯವಾಗಿದೆ. ಈ ಅಧ್ಯಯನದ ಮುಖ್ಯ ಆಕರ, ರಾತ್ರಿ ಊಟದ ಹೊತ್ತಿನ ಟೀವಿ.

ಮೊದಲ ಸೀಸನ್ ಗೆದ್ದ ವಿಜಯ್ ರಾಘವೇಂದ್ರ ಧೀರಶಾಂತರು, ಇದರಲ್ಲಿ ತಕರಾರಿಲ್ಲ. ‘ಕೊಟ್ರೇಶಿ ಕನಸು’ ಚಿತ್ರಕ್ಕೆ ಬಾಲನಟರಾಗಿ ರಾಷ್ಟ್ರಪ್ರಶಸ್ತಿ ಪಡೆದವರಿಗೆ ಟ್ರೋಫಿ ಹಿಡಿಯುವ ಅಭ್ಯಾಸವೂ ಇತ್ತು. ಕಲಾಸಕ್ತ ಧೀರಲಲಿತನ ಲಕ್ಷಣ ಐದನೆಯ ಸೀಸನ್ನಿನ ರ‍್ಯಾಪರ್ ಚಂದನ್ ಶೆಟ್ಟಿಯವರಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ನಾಲ್ಕನೆಯ ಸೀಸನ್ನಿನ ಪ್ರಥಮ್ ಧೀರೋದ್ಧತರೆಂಬುದಕ್ಕೆ ಪುರಾವೆ ಬೇಕಿಲ್ಲ, ವಾಲ್ಯೂಮ್ ಸಾಕು.

ಮೂರನೆಯ ಸೀಸನ್ನಿನಲ್ಲಿ ಶಾಸ್ತ್ರ ಮುಗ್ಗರಿಸುತ್ತದೆ. ಗೆದ್ದವರು ನಟಿ ಶ್ರುತಿ. ನಾಯಿಕೆಯರನ್ನು ಪೂರ್ವಸೂರಿಗಳು ‘ಯಾರವಳು’ ಎಂಬುದರ ಮೇಲೆ ವಿಂಗಡಿಸಿದರೇ ಹೊರತು ‘ಏನು ಗೆದ್ದಳು’ ಎಂದು ಕೇಳಲಿಲ್ಲ. ಹನ್ನೆರಡು ಸೀಸನ್ನುಗಳಲ್ಲಿ ಗೆದ್ದ ಹೆಣ್ಣು ಅವರೊಬ್ಬರೇ ಆಗಿರುವುದನ್ನು ನೋಡಿದರೆ, ವೋಟು ಹಾಕುವ ಮಹಾಜನರೂ ಪೂರ್ವಸೂರಿಗಳ ಪಕ್ಷದವರೇ ಎಂದು ಸಿದ್ಧವಾಗುತ್ತದೆ.

ಇನ್ನು ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ. ‘ಸರಿಗಮಪ’ದಲ್ಲಿ ಹಾಡಿ ಮನೆಮಾತಾಗಿದ್ದ ಇವರು ಹನ್ನೊಂದನೆಯ ಸೀಸನ್ನಿಗೆ ತಡವಾಗಿ, ವೈಲ್ಡ್ ಕಾರ್ಡಿನಲ್ಲಿ ಬಂದರು. 2025ರ ಜನವರಿಯ ಫಿನಾಲೆ. ಸೂತ್ರಧಾರ ಸುದೀಪ್ ನಡುವೆ ನಿಂತು ಎಡಬಲದ ಇಬ್ಬರ ಕೈ ಹಿಡಿದು, ನಾಡಿನ ಉಸಿರು ಕಟ್ಟಿಸಿ, ಒಂದು ಕೈಯನ್ನು ಮೇಲೆತ್ತುತ್ತಾರೆ. ಅದು ಹನುಮಂತನದು. ಬಂದ ವೋಟು 5 ಕೋಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯೇ ಸುಮಾರು 6 ಕೋಟಿ 11 ಲಕ್ಷ. ತೊಟ್ಟಿಲ ಕೂಸುಗಳೂ ವೋಟು ಒತ್ತಿದವೋ, ಒಂದೇ ಹೆಬ್ಬೆರಳು ಹಲವು ಸಲ ಪ್ರಜಾಪ್ರಭುತ್ವ ಮೆರೆಯಿತೋ, ವಿದ್ವಾಂಸರು ವಿಚಾರಿಸಬೇಕು. ಹನುಮಂತನಿಗಾಗಿ ‘ಧೀರಮುಗ್ಧ’ ಎಂಬ ಐದನೆಯ ಪಂಗಡವನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

ಫಲಾಗಮವೆಂದರೆ 50 ಲಕ್ಷ ರೂಪಾಯಿ. ಇದಕ್ಕೆ ಆದಾಯ ತೆರಿಗೆ ಇಲಾಖೆಯ ಭಾಷ್ಯವೂ ಉಂಟು. ಕಾಯ್ದೆ ಈ ಗೆಲುವನ್ನು ಲಾಟರಿ, ಕುದುರೆ ರೇಸು, ಇಸ್ಪೀಟು, ಪದಬಂಧಗಳ ಸಾಲಿನಲ್ಲಿ ಕೂರಿಸಿ ನೇರ ಶೇ 30 ಹಾಕುತ್ತದೆ, ಮೇಲೆ ಸೆಸ್. ಸುಮಾರು ಹದಿನೈದೂವರೆ ಲಕ್ಷ ಅಲ್ಲಿಗೇ ಎಲಿಮಿನೇಟ್. ತಿಂಗಳುಗಟ್ಟಲೆ ಬೈಸಿಕೊಂಡು, ‘ಕಳಪೆ’ ಸ್ಪರ್ಧಿ ಎನಿಸಿಕೊಂಡು ದೊಡ್ಮನೆಯ ಜೈಲು ಸೇರಿ ಗಳಿಸಿದ್ದೂ, ಭಾನುವಾರ ಕಾಲು ಚಾಚಿ ಪದಬಂಧ ತುಂಬಿಸಿ ಗಳಿಸಿದ್ದೂ ಸರ್ಕಾರಕ್ಕೆ ಒಂದೇ.

ಉತ್ತರಕಾಂಡದಲ್ಲಿ ಒಂದು ನಿಯಮ ಕಾಣುತ್ತದೆ: ಒಳಗೆ ಹೋಗುವ ಮುನ್ನ ಕೈಯಲ್ಲಿ ಕಸುಬಿದ್ದವರಿಗೆ ಹೊರಬಂದ ಮೇಲೂ ಕೆಲಸವಿರುತ್ತದೆ. ಫುಡ್ ಟ್ರಕ್ ನಡೆಸುತ್ತಿದ್ದ ನಟ ಶೈನ್ ಶೆಟ್ಟಿ ಏಳನೆಯ ಸೀಸನ್ ಗೆದ್ದು, 2022ರ ‘ಕಾಂತಾರ’ದಲ್ಲಿ ಕಾಣಿಸಿಕೊಂಡರು. ಅಪವಾದವೂ ಇದೆ. ಆರನೆಯ ಸೀಸನ್ನಿನ ಶಶಿಕುಮಾರ್ ರೈತನೆಂದು ಒಳಹೊಕ್ಕು ‘ಮೆಹಬೂಬಾ’ದ ಹೀರೋ ಆದರು; ಬೆಳೆ ಪರಿವರ್ತನೆ ಎಂದು ಕೃಷಿ ಇಲಾಖೆ ದಾಖಲಿಸಿಕೊಳ್ಳಬಹುದು.

ತುಳು ಚಿತ್ರರಂಗದ ರೂಪೇಶ್ ಶೆಟ್ಟಿ 2022ರಲ್ಲಿ ಮೊದಲು ಓಟಿಟಿ ಆವೃತ್ತಿಯಲ್ಲಿದ್ದು, ಅಲ್ಲಿಂದ ನೇರ ಒಂಬತ್ತನೆಯ ಸೀಸನ್ನಿಗೆ ಹೊಕ್ಕು ಗೆದ್ದರು. ಮರುವರ್ಷ ತೆರೆಕಂಡ ಅವರ ತುಳು ಚಿತ್ರದ ಹೆಸರು ‘ಸರ್ಕಸ್’. ಆ ಶೀರ್ಷಿಕೆಯ ಮೂಲ ಶೋಧಿಸುವ ಹೊಣೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.