ನಂಬರ್ ಬಿಡ್ರಿ, ಪಾಠ ಸಿಕ್ಕೈತಿ

ಬೈಲಹೊಂಗಲದಲ್ಲಿ ಬೆಳಗಿನ ಐದೂವರೆಗೆ ರಸ್ತೆಗಿಳಿಯುವವರು ಹಾಲಿನವರು, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ ಹುಡುಗರು ಮತ್ತು ರನ್ನರ್ ಸರ್. ಮೊದಲಿನವರು ಏಕೆ ಎದ್ದಿದ್ದಾರೆಂದು ಕೇಳಬೇಕಿಲ್ಲ. ಸರ್ ಏಕೆ ಎದ್ದಿದ್ದಾರೆಂದು ಯಾರೂ ಕೇಳುವುದಿಲ್ಲ; ಕೇಳಿದರೆ ಹೇಳಿಬಿಟ್ಟಾರು ಎಂಬ ಅಂಜಿಕೆ.

ಸರ್ ಸೊಸೈಟಿಯೊಂದರಲ್ಲಿ ಹಿರಿಯ ಗುಮಾಸ್ತರು. ವಯಸ್ಸು ಐವತ್ತರ ಹತ್ತಿರ. ಸಕ್ಕರೆ ಕಾಯಿಲೆ ಬಂದೀತು, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ನೆಪವಾಯಿತು, ಇವರು ಓಡತೊಡಗಿದರು. ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಕಡೆ ಜಾತ್ರೆಗೋ ಜಯಂತಿಗೋ ಓಟ ಇಟ್ಟಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಸರ್ ಹೆಸರು ಬರೆಸಿರುತ್ತಾರೆ. ಕಪ್ಪು, ಢಾಲು ಯಾವುದೂ ಮನೆಗೆ ಬಂದಿಲ್ಲ. ಎಷ್ಟನೇ ನಂಬರ್ ಎಂದು ಕೇಳಿದರೆ ಸಿದ್ಧ ಉತ್ತರವಿದೆ: "ನಂಬರ್ ಬಿಡ್ರಿ, ಪಾಠ ಸಿಕ್ಕೈತಿ."

ಪಾಠಗಳಿಗೆ ಈ ಸೀಮೆಯಲ್ಲಿ ಬರಗಾಲವಿಲ್ಲ. ಅಕ್ಟೋಬರ್ 23 ಎಂದರೆ 1824ರಲ್ಲಿ ರಾಣಿ ಚನ್ನಮ್ಮನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಮಣ್ಣು ಮುಕ್ಕಿಸಿದ ದಿನ. ಆ ಹುರುಪಿನಲ್ಲಿ ಕಿತ್ತೂರಿನ ಕೋಟೆಯ ಬಳಿ ಓಡಲು ಹೋಗಿ, ಅಕ್ಟೋಬರ್ ಬಿಸಿಲು ಏಪ್ರಿಲ್ ಬಿಸಿಲಿನ ತಮ್ಮನೇ ಎಂದು ಕಲಿತರು. ರಾಮದುರ್ಗದ ಕಡೆ ಮಳೆ ನಿಂತ ಮರುದಿನ ಹೊಲದ ದಾರಿ ಹಿಡಿದು, ದುಬಾರಿ ಬೂಟಿನ ಹಗುರತನವೆಲ್ಲ ಎರಿ ಮಣ್ಣು ಮೆತ್ತಿಕೊಳ್ಳುವವರೆಗೆ ಮಾತ್ರ ಎಂದು ಕಂಡುಕೊಂಡರು. ಭರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಏರು ಹತ್ತುವಾಗ, ತಲೆ ಮೇಲೆ ಬುತ್ತಿ ಗಂಟು ಹೊತ್ತು ಬರಿಗಾಲಲ್ಲಿ ಬರುತ್ತಿದ್ದ ಅಜ್ಜಿಯೊಬ್ಬಳು 'ಉಧೋ ಉಧೋ' ಎನ್ನುತ್ತ ಇವರನ್ನು ದಾಟಿ ಹೋದಳು. ಅದಕ್ಕೂ ವಿವರಣೆ ಇತ್ತು: "ಆಕಿ ಪೇಸ್ ಒಂದೇ ಸಮ ಇತ್ತು, ನೋಡ್ರಿ."

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯ ಕತೆ. ನೆರೆಮನೆಯವನೆಂಬ ಒಂದೇ ಅರ್ಹತೆಯ ಮೇಲೆ ಅಂದು ಬೈಕಿನಲ್ಲಿ ನೀರಿನ ಬಾಟಲಿ ಹಿಡಿದು ಹಿಂದೆ ಹೋಗುವ ಕೆಲಸ ಈ ಬರಹಗಾರನ ಪಾಲಿಗೆ ಬಂದಿತ್ತು. ಮಹಡಿ ಹತ್ತಿದರೆ ಏದುಸಿರು ಬಿಡುವ, ಆದರೆ ಸೀಟಿನ ಮೇಲೆ ಕೂತು ಇನ್ನೊಬ್ಬರ ಓಟದ ತಪ್ಪು ಹುಡುಕಬಲ್ಲ ಜಾತಿ ಅದು. ಓಟ 5 ಕಿಲೋಮೀಟರಿನದು. ಸರ್ ಅಂಗೈ ಮೇಲೆ ಪ್ರತಿ ಕಿಲೋಮೀಟರಿನ ಲೆಕ್ಕ ಬರೆದುಕೊಂಡಿದ್ದರು. ಪಕ್ಕದಲ್ಲಿ ನಿಂತ ಹುಡುಗರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಹಲಗೆ ಬಡಿದದ್ದೇ ತಡ, ಸರ್ ಅಂಗೈ ಮರೆತು ಹುಡುಗರ ಜೊತೆ ಚಿಮ್ಮಿದರು. ಹನುಮಪ್ಪನ ಗುಡಿ ದಾಟುವವರೆಗೆ ಅವರು ನಾಲ್ಕನೆಯವರು. ಇದನ್ನು ಅವರು ಇಂದಿಗೂ ಹೇಳುತ್ತಾರೆ.

ಗುಡಿಯ ನಂತರ ಊರು ಮುಗಿಯಿತು, ಉಸಿರೂ ಮುಗಿಯಿತು. ಹುಡುಗರು ಗುರಿ ಮುಟ್ಟಿ, ಬಹುಮಾನ ತಗೊಂಡು, ಮಿರ್ಚಿ ಭಜಿ ತಿನ್ನುತ್ತಿದ್ದರು. ಅದೇ ದಾರಿಯಲ್ಲಿ ಮುಂದಿನ ಸ್ಪರ್ಧೆ ಖಾಲಿ ಗಾಡಿ ಓಡಿಸುವುದು. ಜೋಡೆತ್ತು ಹೂಡಿ ಆಗಿದೆ, ಕೊಂಬಿಗೆ ಗೊಂಡೆ ಕಟ್ಟಿ ಆಗಿದೆ, ಸರ್ ಮಾತ್ರ ಇನ್ನೂ ದಾರಿಯಲ್ಲೇ ಇದ್ದಾರೆ. ಮೈಕಿನವನು ಕೂಗಿದ: "ಯಾರೂ ಗಾಡಿ ಬಿಡಬ್ಯಾಡ್ರಿ, ಬೈಲಹೊಂಗಲದ ಸರ್ ಬರಾಕತ್ತಾರ!" ಎತ್ತಿನ ಮಾಲೀಕನೊಬ್ಬ ತಾಳ್ಮೆಗೆಟ್ಟು ಎದುರಿಗೇ ಬಂದು ಕೇಳಿದ: "ಸರ, ಎತ್ತು ಬಿಡ್ಲೇನ್ರಿ, ನೀವ್ ದಾಟ್ತೀರೇನ್?" ಸರ್ ಕೈಯೆತ್ತಿ, ಎರಡು ನಿಮಿಷ ಎಂಬಂತೆ ಸನ್ನೆ ಮಾಡಿದರು. ಆರು ಹಿಡಿಯಿತು.

ಮರುದಿನ ಚಹಾದಂಗಡಿಯಲ್ಲಿ ಮೊಬೈಲು ಬಿಚ್ಚಿ, ಏರಿಳಿಯುವ ಗೆರೆಗಳನ್ನು ತೋರಿಸುತ್ತ, ಸೋಲಿಗೆ ಗ್ಲೈಕೋಜನ್ ಖಾಲಿಯಾದದ್ದೇ ಕಾರಣ ಎಂದರು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಆ ಶಕ್ತಿ ಮ್ಯಾರಥಾನ್ ಓಡುವವರಿಗೆ ಸಾಮಾನ್ಯವಾಗಿ 30 ಕಿಲೋಮೀಟರಿನ ಆಸುಪಾಸಿನಲ್ಲಿ ಕೈಕೊಡುತ್ತದೆ. ಸರ್ ಅವರದು ಹನುಮಪ್ಪನ ಗುಡಿಯ ಹತ್ತಿರವೇ ಕೈಕೊಟ್ಟಿತ್ತು.

ಮಾತು ತೀರಾ ಹಗುರಾಯಿತೆನಿಸಿದರೆ ಅವರು ಫಡೆಪ್ಪ ಚೌಗುಲೆಯವರನ್ನು ಕರೆತರುತ್ತಾರೆ. ಆಗ ಎಲ್ಲರೂ ಸುಮ್ಮನಾಗಬೇಕು, ಏಕೆಂದರೆ ಅದು ನಿಜವಾದ ಕತೆ. ಚೌಗುಲೆ ನಮ್ಮ ಬೆಳಗಾವಿ ಸೀಮೆಯವರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು; ಮರುವರ್ಷ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಹೊರಟಿತು. ಅಂದಿನ ಮ್ಯಾರಥಾನ್ 42.75 ಕಿಲೋಮೀಟರ್. ಫಿನ್‌ಲೆಂಡಿನ ಕೊಲೆಮೈನೆನ್ ಗೆದ್ದರು. ಚೌಗುಲೆಯವರ ಜೊತೆ ಹೋಗಿದ್ದ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಮುಗಿಸಿದರು.

"19ನೇ ನಂಬರ್ ಅಂದ್ರ ಸೋಲೇನ್ರಿ?" ಎಂದು ಸರ್ ಕೇಳುತ್ತಾರೆ. ಅದೇ ಓಟದಲ್ಲಿ 16ನೆಯವರಾದ ಜಪಾನಿನ ಶಿಜೊ ಕನಕುರಿಯೂ ಅವರ ಖಾತೆಯಲ್ಲಿದ್ದಾರೆ: 1912ರ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ ಸೆಕೆ ತಾಳದೆ ಅರ್ಧಕ್ಕೇ ನಿಂತು, ಯಾರಿಗೂ ಹೇಳದೆ ಊರಿಗೆ ಹೋದವರು, 1967ರಲ್ಲಿ ಮರಳಿ ಬಂದು ಆ ಓಟ ಪೂರೈಸಿದರು. 54 ವರ್ಷ ದಾಟಿತ್ತು. "ಅಷ್ಟು ತಡ ನಾನೂ ಮಾಡಿಲ್ಲ" ಎಂದು ಸರ್ ಬಾಟಲಿ ಹಿಡಿದವನ ಕಡೆ ನೋಡುತ್ತಾರೆ.

ನಗಬೇಕೆನಿಸುತ್ತದೆ. ಆದರೆ ಮೈದಾನದಲ್ಲಿ ಭರ್ತಿಯ ಹುಡುಗರ ನಡುವೆ ಅವರನ್ನು ಕಂಡವರಿಗೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಅಲ್ಲಿ ನಾಲ್ಕು ಸೆಕೆಂಡು ತಡವಾದ ಹುಡುಗನಿಗೆ ಪಾಠ ಸಿಗುವುದಿಲ್ಲ, ಮನೆಯ ದಾರಿ ಸಿಗುತ್ತದೆ. ಅಪ್ಪನ ಹೊಲದ ಸಾಲ, ಅಕ್ಕನ ಮದುವೆ, ಮೀರುತ್ತಿರುವ ವಯಸ್ಸಿನ ಮಿತಿ ಎಲ್ಲವೂ ಆ ನಾಲ್ಕು ಸೆಕೆಂಡಿನಲ್ಲಿರುತ್ತವೆ. ಸೋತು ಬಂದು ಚಹಾದಂಗಡಿಯಲ್ಲಿ ಗೆರೆ ತೋರಿಸುವ ಸುಖ ಸಂಬಳ ಬರುವವರಿಗೆ ಮಾತ್ರ. ಇದನ್ನು ಸರ್ ಎಂದೂ ಬಾಯಿಬಿಟ್ಟು ಹೇಳಿಲ್ಲ. ಆದರೆ ತಮ್ಮ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು, 400 ಮೀಟರಿನ ಗೆರೆಯ ಬಳಿ ನಿಂತು, ಪ್ರತಿ ಸುತ್ತಿಗೂ ಕೂಗುತ್ತಾರೆ. ಲೆಕ್ಕ ಸರಳ: ಸುತ್ತಿಗೆ 97 ಸೆಕೆಂಡು. ಮೊದಲ ಸುತ್ತಿನಲ್ಲೇ 80ಕ್ಕೆ ಬಂದ ಹುಡುಗನಿಗೆ ಬೈಗುಳ ಗ್ಯಾರಂಟಿ: "ಲೇ ತಮ್ಮಾ, ಮೊದಲಿಗೇ ಹಿಂಗ್ ಓಡಿದ್ರ ಕಡೀ ಸುತ್ತು ಯಾರ್ ಓಡ್ತಾರೋ, ನಿಮ್ಮಪ್ಪ ಓಡ್ತಾನೇನು?"

ಹುಡುಗರು ಕೇಳುತ್ತಾರೆ, ಏಕೆಂದರೆ ಹೇಳುವವರು ಹಾಗೆ ಓಡಿ ಕೆಟ್ಟವರು. ಹೋದ ಸಲ ಕೊನೆಯ ಸುತ್ತಿನಲ್ಲಿ ಕೂತುಬಿಟ್ಟಿದ್ದ ಹುಡುಗನೊಬ್ಬ ಈಗ ಆರು ನಿಮಿಷ ಇಪ್ಪತ್ತರ ಸುಮಾರಿಗೆ ಮುಗಿಸುತ್ತಿದ್ದಾನೆ. ಅವನ ಓಟ ಮುಗಿದ ಮೇಲೆ ಸರ್ ಗಡಿಯಾರವನ್ನು ಅವನ ಕೈಗೆ ಕೊಟ್ಟು, ಲೇಸು ಬಿಗಿದು, ತಾವೇ ಗೆರೆಯ ಮೇಲೆ ನಿಲ್ಲುತ್ತಾರೆ. ಮೊದಲ ಸುತ್ತು 84. ಎರಡನೆಯದಕ್ಕೆ ಸೊಂಟದ ಮೇಲೆ ಕೈ. ಮೂರನೆಯದಕ್ಕೆ ಹುಡುಗ ಗಡಿಯಾರ ನೋಡುವುದನ್ನು ಬಿಟ್ಟು, ಬೈಕಿನ ಕಡೆ ತಿರುಗಿ ಕೂಗುತ್ತಾನೆ: "ಕಾಕಾ, ನೀರಿನ ಬಾಟ್ಲಿ ತಗೊಂಡ್ ಬರ್ರಿ!"