ಬೆರಳುದ್ದದ ಕಾರಿನ ಜೀರ್ಣೋದ್ಧಾರ

ಪುಟ್ಟ ಕಾರು ಕೂಡಿಡುವ ಹವ್ಯಾಸಕ್ಕೆ ನಲವತ್ತು ದಾಟುವವರೆಗೆ ಕಾಯಿರಿ. ಅದಕ್ಕೂ ಮೊದಲೇ ಶುರು ಮಾಡಿದರೆ ನೆಲದ ಮೇಲೆ ಬಿಟ್ಟು ಆಡಿಬಿಡುವ ಅಪಾಯವಿದೆ. ಮೈಸೂರಿನ ಬನ್ನಿಮಂಟಪದ ನಿಮ್ಮ ಮನೆಯ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿಕೊಳ್ಳಿ. ಅಲ್ಲಿದ್ದ ಸೀರೆಗಳು ಯಾರವು ಎಂದು ಆಮೇಲೆ ವಿಚಾರಿಸಿದರಾಯಿತು.

ಈಗ ಅಳತೆ ಕಲಿಯಿರಿ. 1:64 ಎಂದರೆ ಅಸಲಿ ಕಾರಿನ ಉದ್ದವನ್ನು ಅರವತ್ತನಾಲ್ಕು ಪಾಲು ಮಾಡಿ ಒಂದನ್ನು ಇಟ್ಟುಕೊಂಡಂತೆ. ಅಂಬಾಸಿಡರ್ ಕಾರು 7 ಸೆಂಟಿಮೀಟರಿನೊಳಗೆ ಮುಗಿಯುತ್ತದೆ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ಜಂಬೂಸವಾರಿ ದಾರಿ 80 ಮೀಟರಿಗೆ ಇಳಿಯುತ್ತದೆ. ಈ ಲೆಕ್ಕವನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳಿ. ರಿಪೇರಿಗೆ ಕೂತಾಗ ಮಾತ್ರ ಪೂರ್ತಿ ಮರೆತುಬಿಡಿ.

ಅಂಗಡಿಯಲ್ಲಿ ಗಟ್ಟಿಯಾಗಿ ‘ಮಗೂಗೆ’ ಎನ್ನಿ. ಮಗ ಇಂಜಿನಿಯರಿಂಗ್ ಓದುತ್ತಿದ್ದರೂ ಚಿಂತೆಯಿಲ್ಲ, ಅಂಗಡಿಯವರು ಗುರುತಿನ ಚೀಟಿ ಕೇಳುವುದಿಲ್ಲ. ಹಾಟ್ ವೀಲ್ಸ್ ಕಾರುಗಳನ್ನು ನೇತುಹಾಕಿದ ಕಡೆ ಹೋಗಿ, ಒಂದೊಂದನ್ನೇ ಸರಿಸಿ ನೋಡಿ. 2007ರಿಂದ ಆ ಕಂಪನಿ ‘ಸೂಪರ್ ಟ್ರೆಶರ್ ಹಂಟ್’ ಎಂಬ ಅಪರೂಪದ ಕಾರುಗಳನ್ನು ಮಾಮೂಲಿಯ ನಡುವೆ ಬೆರೆಸಿ ಕಳಿಸುತ್ತದೆ. ಹೊಳಪಿನ ಬಣ್ಣ, ರಬ್ಬರ್ ಟೈರು ಅದರ ಗುರುತು. ಸಿಕ್ಕಿತೇ? ಜೇಬಲ್ಲಿ ದುಡ್ಡಿಲ್ಲವೇ? ಯಾರಿಗೂ ಬೇಡವಾದ ಹತ್ತು ಕಾರುಗಳ ಹಿಂದೆ ಬಚ್ಚಿಟ್ಟು ಬನ್ನಿ. ನಾಳೆ ಹೋಗುವಷ್ಟರಲ್ಲಿ ನಿಮ್ಮಂಥ ಇನ್ನೊಬ್ಬರು ಸರಿಯಾಗಿ ಅಲ್ಲಿಗೇ ಕೈ ಹಾಕಿರುತ್ತಾರೆ. ಮನೆಯಲ್ಲಿ ಬೆಲೆ ಹೇಳುವಾಗ ಕೊನೆಯ ಸೊನ್ನೆ ಬಿಟ್ಟುಬಿಡಿ.

ಪೊಟ್ಟಣ ಬಿಚ್ಚಬೇಡಿ. ಬಿಚ್ಚಿದರೆ ಬೆಲೆ ಹೋಗುತ್ತದೆ. ಬಿಚ್ಚದೆಯೂ ಬೆಲೆ ಕಳೆಯಲು ಪಶ್ಚಿಮದ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ. ಎರಡು ಬೇಸಿಗೆಗೆ ರಟ್ಟಿನ ಬಣ್ಣ ಮಾಸಿ, ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಬೀರುವಿನಲ್ಲಿಟ್ಟವಕ್ಕೆ ಒಂದು ಹಿಡಿ ನುಸಿಗುಳಿಗೆ ಹಾಕಿ. ಅದರ ಹಬೆಗೆ ಕೆಲವು ಜಾತಿಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ನುಸಿ ಮಾತ್ರ ಹತ್ತಿರ ಸುಳಿಯುವುದಿಲ್ಲ.

ಇನ್ನು ರಿಪೇರಿ. ಇದಕ್ಕೆ ಹಳೆಯ ಮಾಲೇ ಬೇಕು. ಇಂಗ್ಲೆಂಡಿನ ಡಿಂಕಿ ಆಟಿಕೆ ಕಾರುಗಳ ಅಚ್ಚುಗಳು ಭಾರತಕ್ಕೆ ಬಂದು ‘ನಿಕಿ’ ಕಾರುಗಳಾದವು. ಕಲ್ಕತ್ತೆಯಲ್ಲಿ ‘ಮಿಲ್ಟನ್’ ಕಾರುಗಳು ತಯಾರಾದವು. ಎಂಬತ್ತರ ದಶಕದಲ್ಲಿ ಲಿಯೋ-ಮ್ಯಾಟೆಲ್ ಹೆಸರಿನಲ್ಲಿ ಹಾಟ್ ವೀಲ್ಸ್ ಇಲ್ಲೇ ತಯಾರಾದವು. ಇಂಥದ್ದೊಂದು ನಿಮ್ಮ ಸೋದರಮಾವನ ಅಟ್ಟದಲ್ಲಿ ಸಿಕ್ಕರೆ, ಅಲ್ಲಲ್ಲಿ ಬಣ್ಣ ಹೋಗಿದ್ದರೂ ಮೂಲ ಬಣ್ಣವೇ ಇದ್ದರೆ, ತಿಳಿದವರು ಮುಟ್ಟದೆ ಇಡುತ್ತಾರೆ. ನೀವು ಹಾಗೆ ಕೈಕಟ್ಟಿ ಕೂರಬೇಡಿ. ನಮ್ಮಲ್ಲಿ ಎಂಟುನೂರು ವರ್ಷದ ಕಲ್ಲುಗುಡಿಗೇ ಎನಾಮಲ್ ಬಳಿದು, ಟೈಲ್ಸ್ ಹಾಕಿಸಿ, ದಾನಿಗಳ ಹೆಸರು ಕೆತ್ತಿಸುವವರಿದ್ದಾರೆ. ಕಾರಿನದೇನು ಹೆಚ್ಚುಗಾರಿಕೆ?

ಕಾರನ್ನು ಮಗುಚಿ. ತಳದಲ್ಲಿ ಸ್ಕ್ರೂ ಇರುವುದಿಲ್ಲ, ಎರಡು ರಿವೆಟ್ ಇರುತ್ತವೆ. ಅಂಜುಬುರುಕರು ಸಣ್ಣ ಬಿಟ್ ಹಾಕಿ, ನಿಧಾನವಾಗಿ ರಿವೆಟ್ಟಿನ ತಲೆಯನ್ನಷ್ಟೇ ಕೊರೆದು, ಉಳಿದ ಕಂಬದೊಳಗೆ ಸ್ಕ್ರೂ ಕೂರುವ ತಿರುಪು ಕೊರೆದು, ಮತ್ತೆ ಜೋಡಿಸಲು ಎರಡು ಮಿಲಿಮೀಟರಿನ ಸ್ಕ್ರೂ ಬಳಸುತ್ತಾರೆ. ನೀವು ಗೋಡೆಗೆ ತೂತು ಹೊಡೆಯುವ ಡ್ರಿಲ್ಲಿಂಗ್ ಮಷಿನ್ನನ್ನೇ ತನ್ನಿ. ಕಾರನ್ನು ಎಡಗೈಯಲ್ಲಿ ಹಿಡಿಯಿರಿ. ಹ್ಯಾಮರ್ ಮೋಡ್ ಹಾಕಿ. ಚಾವಣಿಯಲ್ಲಿ ಬೆಳಕು ಕಂಡಾಗ ನಿಲ್ಲಿಸಿ. ಅದನ್ನು ಸನ್‌ರೂಫ್ ಎಂದು ಕರೆಯಿರಿ, ಈಗ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ.

ಬಣ್ಣ ತೆಗೆಯಲು ಮನೆಯವರ ನೈಲ್ ಪಾಲಿಶ್ ರಿಮೂವರ್ ಸಾಕು. ಕಿಟಕಿಯ ಪ್ಲಾಸ್ಟಿಕ್ಕನ್ನು ಬಿಚ್ಚಿಡುವ ಗೋಜಿಗೆ ಹೋಗಬೇಡಿ. ಅಸಿಟೋನ್ ತಾಗಿದೊಡನೆ ಅದು ತಾನೇ ಕರಗಿ ದಾರಿ ಬಿಡುತ್ತದೆ. ಬಾಗಿಲ ಮೇಲಿನ ಅಚ್ಚಿನ ಅಕ್ಷರಗಳೂ ಹೋಗುತ್ತವೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಗೇಟಿಗೆ ಬಳಿದು ಉಳಿದ ಎನಾಮಲ್ ಇದೆಯಲ್ಲ, ಅದನ್ನು ಅದೇ ಬ್ರಶ್ಶಿನಲ್ಲಿ ಬಳಿಯಿರಿ. ಅರ್ಧ ಮಿಲಿಮೀಟರ್ ದಪ್ಪ ಬರಲಿ. ಅಸಲಿ ಕಾರಿನ ಲೆಕ್ಕದಲ್ಲಿ ಅದು ಮೂರು ಸೆಂಟಿಮೀಟರ್ ದಪ್ಪದ ಗಿಲಾವು. ಬಾಗಿಲ ಗೆರೆ, ಹೆಡ್‌ಲೈಟು, ನಂಬರ್ ಪ್ಲೇಟು ಎಲ್ಲ ಒಳಗೆ ಸುರಕ್ಷಿತ. ಕಿಟಕಿ ಏನಾದರೂ ಉಳಿದಿದ್ದರೆ ಫೆವಿಕ್ವಿಕ್ ಹಾಕಿ ಕೂರಿಸಿ. ಆ ಗೋಂದಿನ ಆವಿಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ಕೇಳಿದವರಿಗೆ ಎಸಿ ಹಾಕಿದೆ ಎನ್ನಿ.

ಏನೂ ಮಾಡದೆಯೇ ಕಾರು ಬಿರುಕು ಬಿಡುತ್ತಿದ್ದರೆ ಅಸೂಯೆ ಪಡಬೇಡಿ. ಅದು ಸತುವಿನ ರೋಗ. ಎರಕದ ಸತುವಿಗೆ ಸೀಸದಂಥ ಕಲ್ಮಶ ಬೆರೆತಿದ್ದರೆ ವರ್ಷಗಳ ಮೇಲೆ ಲೋಹ ಒಳಗಿನಿಂದಲೇ ಉಬ್ಬಿ ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಇದು ಸಾಮಾನ್ಯ. ಮದ್ದಿಲ್ಲ. ಎಂ-ಸೀಲ್ ಮೆತ್ತಿ, ಬಣ್ಣ ಬಳಿದು, ಒಣಗುವ ಮೊದಲೇ ಮಾರಿಬಿಡಿ.

ಮೈಸೂರಿನಲ್ಲಿದ್ದು ಆಯುಧಪೂಜೆ ತಪ್ಪಿಸಬೇಡಿ. ಬೀದಿಯಲ್ಲಿ ಬಸ್ಸು, ಲಾರಿ, ಸ್ಕೂಟರು ಎಲ್ಲ ಮೀಯುವ ದಿನ ನಿಮ್ಮ ಕಾರುಗಳನ್ನೂ ಬಕೆಟ್ಟಿಗೆ ಹಾಕಿ. ಒರೆಸಬೇಡಿ. ಒಳಗೆ ಉಳಿದ ನೀರು ಆಕ್ಸಲ್ಲಿಗೆ ತುಕ್ಕು ಹಿಡಿಸಲು ಬೇಕಾಗುತ್ತದೆ. ಬಾನೆಟ್ಟಿಗೆ ಒದ್ದೆ ಕುಂಕುಮ ಹಚ್ಚಿ, ಕಲೆ ಶಾಶ್ವತವಾಗಿ ನಿಲ್ಲುತ್ತದೆ. ಚಕ್ರದಡಿ ನಿಂಬೆಹಣ್ಣು ಇಡುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ. 1:64ರ ನಿಂಬೆಹಣ್ಣು ಒಂದು ಮಿಲಿಮೀಟರೂ ಇರುವುದಿಲ್ಲ. ಸಾಸಿವೆಕಾಳು ಇಟ್ಟರೂ ಈ ಕಾರಿಗೆ ಅದು ಚಕ್ಕೋತ. ಆದ್ದರಿಂದ ನಿಜವಾದ ನಿಂಬೆಯನ್ನೇ ಹೋಳು ಮಾಡಿ, ಅದರ ಮೇಲೆ ಕಾರನ್ನು ಒತ್ತಿ ಕೂರಿಸಿ, ವಿಜಯದಶಮಿಯವರೆಗೆ ಬಿಡಿ. ಹುಳಿಗೂ ಸತುವಿಗೂ ಆಗುವುದಿಲ್ಲ. ನೀವು ಪಂಜಿನ ಕವಾಯತು ನೋಡಿಕೊಂಡು ಬರುವಷ್ಟರಲ್ಲಿ ಬಣ್ಣವಿಲ್ಲದ ಕಡೆಯೆಲ್ಲ ಲೋಹ ಕಪ್ಪಿಟ್ಟಿರುತ್ತದೆ.

ಇಷ್ಟೆಲ್ಲ ಆದ ಕಾರುಗಳನ್ನು ಎಸೆಯಬೇಡಿ. ಮುಂದಿನ ನವರಾತ್ರಿಗೆ ಮನೆಯಲ್ಲಿ ಬೊಂಬೆ ಕೂರಿಸುತ್ತಾರಲ್ಲ, ಪಟ್ಟದ ಬೊಂಬೆಗಳ ಕೆಳಗಿನ ಕೊನೆಯ ಮೆಟ್ಟಿಲು ಕೇಳಿ ಪಡೆಯಿರಿ. ಮರಳು ಹರಡಿ, ಕಾರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ, ‘ಗ್ಯಾರೇಜು’ ಎಂದು ಬೋರ್ಡು ಬರೆಯಿರಿ. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಹೊಗಳುತ್ತಾರೆ. ಅವರಲ್ಲೊಬ್ಬ ಮರುವರ್ಷವೂ ಬಂದು ‘ಅಂಕಲ್, ಈ ಅಂಬಾಸಿಡರ್ ಇನ್ನೂ ರೆಡಿ ಆಗಿಲ್ವಾ?’ ಎಂದರೆ, ಕೈಗೆ ಚರುಪು ಕೊಟ್ಟು, ‘ಪಾರ್ಟು ಬಂದಿಲ್ಲ ಕಣೋ’ ಎನ್ನಿ.